ಮೈಕಿನ ಬೆನ್ನು ಯಾವ ಕಡೆಗಿದೆ, ಮೊದಲು ಅದನ್ನು ನೋಡಿ

ಮಾನ್ಯ ಸಂಪಾದಕರೇ,

ಗಿಟಾರ್ ನುಡಿಸುತ್ತಲೇ ಹಾಡಿ, ಮನೆಯಲ್ಲೇ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವ ಹುಡುಗ ಹುಡುಗಿಯರು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈಗ ಕಡಿಮೆಯೇನಿಲ್ಲ. ಭಾವಗೀತೆ, ಹೋರಾಟದ ಹಾಡು, ಕೈವಾರ ತಾತಯ್ಯನವರ ಕನ್ನಡ ಮತ್ತು ತೆಲುಗು ತತ್ವಪದ, ಎಲ್ಲಕ್ಕೂ ಗಿಟಾರು ಜೊತೆಯಾಗಿದೆ. ಕಂಠ ಚೆನ್ನಾಗಿರುತ್ತದೆ, ಕೈಯೂ ಪಳಗಿರುತ್ತದೆ. ಇಯರ್‌ಫೋನ್ ಹಾಕಿ ಕೇಳಿದರೆ ಮಾತ್ರ ದನಿ ಹಂಡೆಯೊಳಗಿಂದ ಬಂದ ಹಾಗೆ ಟೊಳ್ಳು ಟೊಳ್ಳು. ಗಿಟಾರು ಒಂದು ಸಾಲಿನಲ್ಲಿ ದಪ್ಪ, ಮುಂದಿನ ಸಾಲಿನಲ್ಲಿ ಸಣಕಲು. ಮೈಕ್ ಸರಿಯಿಲ್ಲ ಎಂದುಕೊಂಡು ಇನ್ನೂ ದುಬಾರಿ ಮೈಕ್ ತರಿಸುತ್ತಾರೆ. ಕಾಲೇಜುಗಳು ಸಲಕರಣೆ ಕೊಳ್ಳುವಾಗಲೂ ಇದೇ ಕಥೆ: ದೊಡ್ಡ ಕಂಡೆನ್ಸರ್ ಮೈಕ್ (ವಿದ್ಯುತ್ ಬೇಕಾಗುವ, ಹೆಚ್ಚು ಸೂಕ್ಷ್ಮವಾದ ಜಾತಿ) ಎರಡು ಬರುತ್ತವೆ, ಅವನ್ನು ನಿಲ್ಲಿಸುವ ಕೋಣೆಗೆ ಒಂದು ಕಂಬಳಿಯ ಖರ್ಚೂ ಇರುವುದಿಲ್ಲ. ಧ್ವನಿಮುದ್ರಣದ ಕೆಲಸ ಬಲ್ಲವರಾಗಿ ಈ ವಿಷಯದಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ. ಪತ್ರ ಉದ್ದವಾಯಿತು, ಮನ್ನಿಸಿ.

ಕಾಯಿಲೆಯ ಹೆಸರು ಸೋರಿಕೆ. ರೆಕಾರ್ಡಿಂಗ್ ಮಾಡುವವರ ಮಾತಿನಲ್ಲಿ ಬ್ಲೀಡ್, ಇಲ್ಲವೇ ಸುಮ್ಮನೆ ಲೀಕ್. ಹಾಡಿನ ಮೈಕಿನೊಳಗೆ ಗಿಟಾರು ನುಗ್ಗುತ್ತದೆ, ಗಿಟಾರಿನ ಮೈಕಿನೊಳಗೆ ಹಾಡು ನುಗ್ಗುತ್ತದೆ. ನುಗ್ಗಿದ್ದಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ, ಕೊನೆಗೆ ಎರಡನ್ನೂ ಸೇರಿಸಿಯೇ ಕೇಳುತ್ತೇವಲ್ಲ. ತೊಂದರೆ ಇರುವುದು ವೇಳೆಯಲ್ಲಿ. ಶಬ್ದ ಒಂದು ಮೀಟರ್ ದಾಟಲು ಹೆಚ್ಚುಕಡಿಮೆ 2.9 ಮಿಲಿಸೆಕೆಂಡ್ ಬೇಕು. ಬಾಯಿಂದ ಹಾಡಿನ ಮೈಕ್ 10 ಸೆಂಟಿಮೀಟರ್, ಗಿಟಾರಿನ ಮೈಕ್ 50 ಸೆಂಟಿಮೀಟರ್ ದೂರದಲ್ಲಿದೆ ಎನ್ನಿ. ಒಂದೇ ದನಿ ಎರಡನೇ ಮೈಕಿಗೆ ಸುಮಾರು 1.2 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡೂ ಟ್ರ್ಯಾಕ್ ಕೂಡಿಸಿದಾಗ 430 ಹರ್ಟ್ಸ್ (ಸೆಕೆಂಡಿಗೆ 430 ಅಲೆ) ಆಸುಪಾಸಿನಲ್ಲಿ ಒಂದು ಅಲೆ ಏರುವಾಗ ಇನ್ನೊಂದು ಇಳಿಯುತ್ತಿರುತ್ತದೆ, ಒಂದನ್ನೊಂದು ತಿಂದುಹಾಕುತ್ತವೆ. ಅದರ ಮೂರು ಪಟ್ಟು, ಐದು ಪಟ್ಟಿನಲ್ಲೂ ಹೀಗೆಯೇ ಹಳ್ಳ ಬೀಳುತ್ತಾ ಹೋಗುತ್ತದೆ, ಬಾಚಣಿಗೆಯ ಹಲ್ಲಿನ ಹಾಗೆ. ಗಂಡಸರ ದನಿಯಾಗಲಿ ಹೆಂಗಸರ ದನಿಯಾಗಲಿ, ಮೈ ತುಂಬಿರುವುದೇ ಆ ಜಾಗದಲ್ಲಿ. ಹಂಡೆಯೊಳಗಿನ ದನಿ ಹುಟ್ಟುವುದು ಇಲ್ಲಿ. ಹಾಡುವವರು ತಲೆ ಒಂದಿಷ್ಟು ಆಡಿಸಿದರೆ ದೂರ ಬದಲಾಗುತ್ತದೆ, ಹಳ್ಳವೂ ಜಾಗ ಬದಲಿಸುತ್ತದೆ. ಸಾಲಿನಿಂದ ಸಾಲಿಗೆ ಬಣ್ಣ ಬೇರೆಯಾಗುವುದಕ್ಕೆ ಅದೇ ಕಾರಣ.

ಎಷ್ಟು ಸೋರಿದರೆ ಕಿವಿಗೆ ತಟ್ಟುತ್ತದೆ ಎಂಬುದಕ್ಕೂ ಲೆಕ್ಕವಿದೆ. ಸೋರಿಕೆ ಮುಖ್ಯ ದನಿಗಿಂತ 6 ಡೆಸಿಬಲ್ (ಶಬ್ದದ ಮಟ್ಟದ ಅಳತೆ) ಮಾತ್ರ ಕೆಳಗಿದ್ದರೆ, ಕೂಡಿಸಿದಾಗ ಏರಿಗೂ ಹಳ್ಳಕ್ಕೂ ಸುಮಾರು 9.5 ಡೆಸಿಬಲ್ ಅಂತರ ಬರುತ್ತದೆ. ಹಾಡು ಕೆಟ್ಟಿತೆಂದೇ ಲೆಕ್ಕ. 10 ಡೆಸಿಬಲ್ ಕೆಳಗಿದ್ದರೆ ಅಂತರ ಸುಮಾರು 5.7ಕ್ಕೆ ಇಳಿಯುತ್ತದೆ. 20 ಡೆಸಿಬಲ್ ಕೆಳಗಿದ್ದರೆ 2ಕ್ಕೂ ಕಡಿಮೆ, ಯಾರಿಗೂ ಗೊತ್ತಾಗುವುದಿಲ್ಲ. ಅಂದಮೇಲೆ ಸೋರಿಕೆಯನ್ನು ಸೊನ್ನೆ ಮಾಡಬೇಕಾದ ಹಟವೇನೂ ಬೇಡ. 15ರಿಂದ 20 ಡೆಸಿಬಲ್ ಕೆಳಕ್ಕೆ ತಳ್ಳಿದರೆ ಸಾಕು. ಅದನ್ನು ತಳ್ಳಲು ಕೈಯಲ್ಲಿರುವ ಸಾಧನ ಮೂರೇ: ದೂರ, ಮೈಕಿನ ಕುರುಡು ದಿಕ್ಕು (ಅಂದರೆ ಅದಕ್ಕೆ ಕೇಳಿಸದ ದಿಕ್ಕು), ಕೋಣೆ.

ದೂರದ ಮಾತು ಬೇಗ ಮುಗಿಯುತ್ತದೆ. ದೂರ ಎರಡು ಪಟ್ಟಾದರೆ ಶಬ್ದ 6 ಡೆಸಿಬಲ್ ಇಳಿಯುತ್ತದೆ. ಕುರ್ಚಿಯಲ್ಲಿ ಕೂತು ನುಡಿಸುವವರ ಬಾಯಿಗೂ ಗಿಟಾರಿನ ತೂತಿಗೂ ನಡುವೆ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು. ಹಾಡಿನ ಮೈಕ್ ಬಾಯಿಂದ 30 ಸೆಂಟಿಮೀಟರ್, ಗಿಟಾರಿನಿಂದ 50 ಸೆಂಟಿಮೀಟರ್ ದೂರದಲ್ಲಿದ್ದರೆ ದೂರದಿಂದ ಸಿಗುವ ಲಾಭ ಬರೀ 4.4 ಡೆಸಿಬಲ್. ಅದೇ ಮೈಕನ್ನು ಬಾಯಿಗೆ 10 ಸೆಂಟಿಮೀಟರ್ ಹತ್ತಿರ ತಂದು, ಗಿಟಾರಿನಿಂದ 60 ಸೆಂಟಿಮೀಟರ್ ಆಗುವಂತೆ ಇಟ್ಟರೆ 15.6 ಡೆಸಿಬಲ್. ಹತ್ತಿರ ತಂದಾಗ ಎರಡು ಉಪದ್ರವ ಶುರುವಾಗುತ್ತವೆ. ಪ, ಫ, ಬ, ಭ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿದು ಧಬ್ ಎನ್ನುತ್ತದೆ. ಕನ್ನಡದಲ್ಲಿ ಭಾವ, ಭೂಮಿ, ಭಕ್ತಿ ಇಲ್ಲದ ಹಾಡು ಹುಡುಕಬೇಕಷ್ಟೆ. ಮೈಕಿನಿಂದ 5 ಸೆಂಟಿಮೀಟರ್ ಮುಂದೆ ಪಾಪ್ ಫಿಲ್ಟರ್ ಇರಲಿ. ಕಸೂತಿ ಹಾಕುವ ಬಳೆಗೆ ಎರಡು ಪದರ ನೈಲಾನ್ ಕಾಲುಚೀಲ ಬಿಗಿದರೂ ಅದೇ ಕೆಲಸ ಆಗುತ್ತದೆ. ಎರಡನೆಯದು, ದಿಕ್ಕು ನೋಡುವ ಹೆಚ್ಚಿನ ಮೈಕುಗಳು ಹತ್ತಿರದ ದನಿಗೆ ತಗ್ಗಿನ ಸ್ವರ ಹೆಚ್ಚಿಸುತ್ತವೆ. 80ರಿಂದ 100 ಹರ್ಟ್ಸ್ ಕೆಳಗಿನದನ್ನು ಫಿಲ್ಟರ್ ಹಾಕಿ ಕತ್ತರಿಸಿದರೆ ಆ ಗುಮ್ಮೆನ್ನುವಿಕೆ ತಗ್ಗುತ್ತದೆ.

ಇನ್ನು ಮುಖ್ಯ ವಿಷಯ, ಕುರುಡು ದಿಕ್ಕು. ಹಾಡಿಗೆ ಬಳಸುವ ಮೈಕುಗಳಲ್ಲಿ ಬಹುಪಾಲು ಕಾರ್ಡಿಯಾಯ್ಡ್. ಮುಂದಿನದನ್ನು ಚೆನ್ನಾಗಿ ಕೇಳುತ್ತವೆ, ನೇರ ಹಿಂದಿನದನ್ನು, ಅಂದರೆ 180 ಡಿಗ್ರಿಯದನ್ನು, ಕೇಳುವುದಿಲ್ಲ. ಪಕ್ಕದ 90 ಡಿಗ್ರಿಯಿಂದ ಬಂದದ್ದು 6 ಡೆಸಿಬಲ್ ಮಾತ್ರ ಕಡಿಮೆಯಾಗಿ ಒಳಗೆ ಬರುತ್ತದೆ. ಎಲ್ಲ ವೇದಿಕೆಗಳಲ್ಲೂ ಕಾಣುವ ಶೂರ್ ಎಸ್‌ಎಂ58 ಈ ಜಾತಿಯದು. ಅದೇ ಕಂಪನಿಯ ಬೀಟಾ 58ಎ ಸೂಪರ್ ಕಾರ್ಡಿಯಾಯ್ಡ್. ಇದರ ಕಿವುಡು ಜಾಗ ನೇರ ಹಿಂದಿಲ್ಲ, ಸುಮಾರು 126 ಡಿಗ್ರಿಯಲ್ಲಿ, ಹಿಂಬದಿಯ ಎರಡೂ ಓರೆಯಲ್ಲಿದೆ. ಹೈಪರ್ ಕಾರ್ಡಿಯಾಯ್ಡ್‌ಗೆ ಅದು ಸುಮಾರು 110 ಡಿಗ್ರಿ. ಫಿಗರ್ ಎಂಟು ಎಂಬ ಜಾತಿ ಎದುರು ಬದುರು ಎರಡೂ ಕಡೆ ಒಂದೇ ಸಮ ಕೇಳುತ್ತದೆ, ಅಡ್ಡಕ್ಕೆ 90 ಡಿಗ್ರಿಯಲ್ಲಿ ಶುದ್ಧ ಕಿವುಡು. ಒಳಗೆ ತೆಳು ಲೋಹದ ಪಟ್ಟಿಯಿರುವ ರಿಬ್ಬನ್ ಮೈಕುಗಳಲ್ಲಿ ಹೆಚ್ಚಿನವು ಹುಟ್ಟಿನಿಂದಲೇ ಹೀಗೆ. ಪ್ಯಾಟರ್ನ್, ಅಂದರೆ ಕೇಳುವ ದಿಕ್ಕಿನ ಜಾತಿ, ಬದಲಿಸುವ ಸ್ವಿಚ್ಚಿರುವ ಕಂಡೆನ್ಸರುಗಳಲ್ಲಿ, ಉದಾಹರಣೆಗೆ ರೋಡ್ ಎನ್‌ಟಿ2-ಎ ಅಥವಾ ಎಕೆಜಿ ಸಿ414ರಲ್ಲಿ, ಆ ಸ್ವಿಚ್ಚಿನ ಮೇಲೆ 8ರ ಚಿತ್ರ ಇರುತ್ತದೆ. ಕೊಂಡವರಲ್ಲಿ ಎಷ್ಟೋ ಜನ ಅದನ್ನು ಒಮ್ಮೆಯೂ ಮುಟ್ಟಿರುವುದಿಲ್ಲ.

ಈಗ ಕುರ್ಚಿಯ ಮುಂದೆ ಬನ್ನಿ. ವಿಡಿಯೋದಲ್ಲಿ ಮುಖ ಕಾಣಲಿ ಎಂದು ಮೈಕನ್ನು ಮೇಲಿಂದ ಇಳಿಬಿಟ್ಟು, 45 ಡಿಗ್ರಿ ಕೆಳಮುಖವಾಗಿ ಬಾಯಿಗೆ ಹಿಡಿಯುವುದು ಈಗಿನ ಫ್ಯಾಶನ್. ನೋಡಲು ಚೆಂದ. ಆ ಮೈಕ್ ಬಾಯನ್ನು ನೋಡುತ್ತಾ ಅದರ ಕೆಳಗಿನ ಗಿಟಾರನ್ನೂ ಕಣ್ಣುತುಂಬ ನೋಡುತ್ತಿರುತ್ತದೆ. ಲೆಕ್ಕ ಹಾಕಿದರೆ ಗಿಟಾರಿಗೆ ಸಿಗುವ ತಡೆ ಬರೀ 1.4 ಡೆಸಿಬಲ್, ಇಲ್ಲವೆಂದೇ ಹೇಳಬೇಕು. ಮೈಕನ್ನು ನೆಲಕ್ಕೆ ಸಮನಾಗಿ ಬಾಯಿಗೆ ಹಿಡಿದರೆ ಗಿಟಾರು 90 ಡಿಗ್ರಿಯಲ್ಲಿ ಬೀಳುತ್ತದೆ, ತಡೆ 6 ಡೆಸಿಬಲ್. ಅದನ್ನೇ ಗಲ್ಲದ ಮಟ್ಟಕ್ಕೆ ಇಳಿಸಿ, 45 ಡಿಗ್ರಿ ಮೇಲ್ಮುಖವಾಗಿ ಬಾಯಿಗೆ ತಿರುಗಿಸಿದರೆ ಗಿಟಾರು 135 ಡಿಗ್ರಿಯಲ್ಲಿ, ಅಂದರೆ ಬೆನ್ನ ಹಿಂದೆ, ಹೋಗಿ ಕೂರುತ್ತದೆ. ಕಾರ್ಡಿಯಾಯ್ಡ್ ಆದರೆ 16 ಡೆಸಿಬಲ್ ಮೇಲೆ ತಡೆ. ಸೂಪರ್ ಕಾರ್ಡಿಯಾಯ್ಡ್ ಆದರೆ 20ನ್ನೂ ದಾಟುತ್ತದೆ. ಇವು ಕಾಗದದ ಮೇಲಿನ ಸಂಖ್ಯೆಗಳು, ನಿಜವಾದ ಮೈಕಿನಲ್ಲಿ ಸ್ವರಕ್ಕೆ ತಕ್ಕಂತೆ ಕಡಿಮೆಯಾಗುತ್ತವೆ. ಆದರೂ ಒಂದೇ ಮೈಕು, ಒಂದೇ ಕೋಣೆ, ಬರೀ ಸ್ಟ್ಯಾಂಡಿನ ತಿರುಪು ಸಡಿಲಿಸಿ ಬಿಗಿದದ್ದಕ್ಕೆ ಇಷ್ಟು ಲಾಭ. ಇದಕ್ಕಿಂತ ಅಗ್ಗದ ಉಪಾಯ ನಮಗೆ ಗೊತ್ತಿಲ್ಲ.

ಗಿಟಾರಿನ ಮೈಕಿಗೆ ಇದರ ತಿರುಗುಮುರುಗು. ಅದು ಕೆಳಕ್ಕೆ ನೋಡಬೇಕು, ಬಾಯಿಗೆ ಬೆನ್ನು ಕೊಡಬೇಕು. ತೊಡೆಯ ಬಳಿ ಸ್ಟ್ಯಾಂಡ್ ಇಟ್ಟು ಮೈಕನ್ನು ಮೇಲ್ಮುಖ ಮಾಡಿದರೆ ಗಿಟಾರಿನ ಆಚೆಗೆ ಅದು ನೋಡುವುದು ನೇರ ಬಾಯನ್ನೇ. ಚಿಕ್ಕ ಕಂಡೆನ್ಸರ್ ಮೈಕೊಂದನ್ನು ಎದೆಯ ಮುಂದೆ, ಗಿಟಾರಿನ ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿದು, 12ನೇ ಫ್ರೆಟ್‌ಗೂ 14ನೇ ಫ್ರೆಟ್‌ಗೂ ನಡುವೆ ಕತ್ತು ಮೈಗೆ ಸೇರುವ ಜಾಗಕ್ಕೆ ಕೆಳಮುಖವಾಗಿ ಗುರಿಯಿಡಿ. ತೂತಿಗೆ ನೇರವಾಗಿ ಇಡಬೇಡಿ, ಅಲ್ಲಿ ಗಾಳಿ ಒಳಹೊರಗೆ ತಳ್ಳಿ ಗುಂಯ್ ಎನ್ನುತ್ತದೆ. ಬಾರಿಸುವ ಕೈ ಮೈಕಿಗೆ ತಗಲದಂತೆ ಒಂದು ಸಲ ಜೋರಾಗಿ ನುಡಿಸಿ ನೋಡಿಕೊಳ್ಳಿ. ದೊಡ್ಡ ಡಯಾಫ್ರಮ್ಮಿನ (ಶಬ್ದಕ್ಕೆ ಅದುರುವ ಪೊರೆಯ) ಅಗ್ಗದ ಮೈಕುಗಳನ್ನು ಇಲ್ಲಿ ಬೇಡವೆನ್ನುವುದಕ್ಕೆ ಕಾರಣವಿದೆ: ಅವು ಪಕ್ಕದಿಂದ ಬಂದ ದನಿಯನ್ನು ತಗ್ಗಿಸುವುದಷ್ಟೇ ಅಲ್ಲದೆ ಅದರ ಮೇಲಿನ ಸ್ವರಗಳನ್ನು ನುಂಗಿ ಮಬ್ಬು ಮಾಡುತ್ತವೆ. ಸೋರಿ ಬಂದದ್ದಾದರೂ ಅಚ್ಚುಕಟ್ಟಾಗಿದ್ದರೆ ಸಹಿಸಬಹುದು, ಮಬ್ಬಾದ ಸೋರಿಕೆ ಇಡೀ ಹಾಡಿಗೆ ಕೆಸರು ಬಳಿಯುತ್ತದೆ.

ಫಿಗರ್ ಎಂಟರ ಎರಡು ಮೈಕ್ ಸಿಕ್ಕರೆ ಕೆಲಸ ಇನ್ನೂ ಚೊಕ್ಕ. ಹಾಡಿನದು ನೆಲಕ್ಕೆ ಸಮನಾಗಿ ಬಾಯಿ ನೋಡಲಿ, ಗಿಟಾರು ತಾನಾಗಿಯೇ ಅಡ್ಡಕ್ಕೆ, 90 ಡಿಗ್ರಿಯಲ್ಲಿ ಬೀಳುತ್ತದೆ. ಗಿಟಾರಿನದನ್ನು ಹೊಟ್ಟೆಯ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಗಿಟಾರಿನಿಂದ 25ರಿಂದ 30 ಸೆಂಟಿಮೀಟರ್ ಮುಂದೆ ಹಿಡಿದು 45 ಡಿಗ್ರಿ ಕೆಳಕ್ಕೆ ಬಾಗಿಸಿ. ಅಲ್ಲಿಂದ ಬಾಯಿಗೆ ಗೆರೆ ಎಳೆದರೆ ಹೆಚ್ಚುಕಡಿಮೆ ಲಂಬಕೋನವಾಗುತ್ತದೆ. ಕುರುಡು ದಿಕ್ಕು ಹುಡುಕುವುದು ಕಿವಿಯಿಂದ. ಹಾಡುವವರು ಬಾಯಿ ಮುಚ್ಚಿ ಗಿಟಾರ್ ಮಾತ್ರ ನುಡಿಸುತ್ತಿರಲಿ, ಇನ್ನೊಬ್ಬರು ಹೆಡ್‌ಫೋನ್ ಹಾಕಿ ಹಾಡಿನ ಮೈಕನ್ನೊಂದೇ ಕೇಳುತ್ತಾ ಅದನ್ನು ಎರಡೆರಡು ಡಿಗ್ರಿ ವಾಲಿಸುತ್ತಾ ಹೋಗಲಿ. ಒಂದು ಜಾಗದಲ್ಲಿ ಗಿಟಾರು ತಟಕ್ಕನೆ ಹಿಂದೆ ಸರಿಯುತ್ತದೆ, ತಂತಿಯ ಮಿಂಚು ಹೋಗಿ ಕೋಣೆಯ ಗುಂಜನ ಮಾತ್ರ ಉಳಿಯುತ್ತದೆ. ಅಲ್ಲೇ ತಿರುಪು ಬಿಗಿಯಿರಿ. ಬೂಮ್ ಸ್ಟ್ಯಾಂಡಿನ ಕಾಲಿಗೆ ಒಂದು ಮರಳು ಚೀಲ ಹೇರಿ, ಹಾಡಿನ ನಡುವೆ ತೋಳು ಜಾರಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಹಳೆಯ ರಿಬ್ಬನ್ ಮೈಕಿದ್ದರೆ ಕಂಡೆನ್ಸರ್ ಮೈಕಿಗೆ ಕೇಬಲ್ಲಿನಲ್ಲೇ ವಿದ್ಯುತ್ ಕೊಡುವ 48 ವೋಲ್ಟ್ ಫ್ಯಾಂಟಮ್ ಸ್ವಿಚ್ ಆಫ್ ಆಗಿದೆಯೇ ಎಂದು ಎರಡು ಸಲ ನೋಡಿ. ಕೇಬಲ್ಲಿನಲ್ಲಿ ಶಾರ್ಟ್ ಇದ್ದರೆ ರಿಬ್ಬನ್ ಹಾಳಾಗುವುದು ಹೀಗೆಯೇ.

ಡೈನಮಿಕ್ ಮೈಕಿಗೆ (ಎಸ್‌ಎಂ58ರಂಥ, ವಿದ್ಯುತ್ ಬೇಡದ ಜಾತಿಗೆ) ಸೋರಿಕೆ ಬರುವುದಿಲ್ಲ, ಕಂಡೆನ್ಸರಿಗೆ ಬರುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಅರ್ಧ ಸುಳ್ಳು. ಕಂಡೆನ್ಸರ್ ಹೆಚ್ಚು ಸೂಕ್ಷ್ಮ, ನಿಜ, ಆದರೆ ಡೈನಮಿಕ್‌ಗೆ ಗೇನ್ (ಮೈಕಿನ ದನಿಯನ್ನು ಹಿಗ್ಗಿಸುವ ಪ್ರಮಾಣ) ಏರಿಸಿ ದನಿಯನ್ನು ಅದೇ ಮಟ್ಟಕ್ಕೆ ತಂದಾಗ ಗಿಟಾರೂ ಅಷ್ಟೇ ಏರುತ್ತದೆ. ದನಿ ಮತ್ತು ಸೋರಿಕೆಯ ಅನುಪಾತ ಗೇನಿನಿಂದ ಬದಲಾಗುವುದೇ ಇಲ್ಲ. ಡೈನಮಿಕ್ ಶುಚಿಯಾಗಿ ಕೇಳುವುದು ಅದನ್ನು ತುಟಿಗೆ ತಾಗಿಸಿ ಹಾಡುವುದರಿಂದ. ಕಂಡೆನ್ಸರನ್ನೂ ಅಷ್ಟೇ ಹತ್ತಿರ, ಅದೇ ಕೋನದಲ್ಲಿ ಇಟ್ಟು ಹೋಲಿಸಿ ನೋಡಿ. ಗೇನ್ ಇಳಿಸಿದರೆ ಲೀಕ್ ಕಡಿಮೆಯಾಗುತ್ತದೆ ಎನ್ನುವವರಿಗೂ ಇದೇ ಉತ್ತರ.

ಈ ಕುರುಡು ದಿಕ್ಕು ಕೆಲಸ ಮಾಡುವುದು ನೇರವಾಗಿ ಬಂದ ಶಬ್ದಕ್ಕೆ. ಗೋಡೆಗೆ ಬಡಿದು ತಿರುಗಿ ಬಂದ ಶಬ್ದ ಯಾವ ದಿಕ್ಕಿನಿಂದಾದರೂ ಬರಬಹುದು. ನಮ್ಮ ಕಡೆಯ ಮನೆಗಳ ಕೋಣೆ ನೋಡಿ: 10 ಅಡಿ, 12 ಅಡಿ, ಮೇಲೆ ಆರ್‌ಸಿಸಿ, ಕೆಳಗೆ ನುಣುಪು ಟೈಲ್ಸ್, ನಾಲ್ಕೂ ಗೋಡೆಗೆ ಪುಟ್ಟಿ ಹಚ್ಚಿ ಕನ್ನಡಿ ಮಾಡಿರುತ್ತಾರೆ. ಒಂದು ಚಪ್ಪಾಳೆ ತಟ್ಟಿದರೆ ಟರ್ರ್ ಎಂದು ಪುಟಿಯುತ್ತದೆ. ಇಂಥಲ್ಲಿ ಎಷ್ಟೇ ಕೋನ ಸರಿಮಾಡಿದರೂ ಗಿಟಾರು ಗೋಡೆ ಸುತ್ತಿಕೊಂಡು ಬಂದು ಮೈಕಿನ ಮುಖಕ್ಕೇ ಬೀಳುತ್ತದೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವವರು ಇನ್ನೂ ಇದ್ದಾರೆ. ಅದು ಬರೀ ಮೇಲಿನ ಸ್ವರವನ್ನು ಒಂದಿಷ್ಟು ಹೀರುತ್ತದೆ, ಜಿರಳೆಗೆ ಮನೆಯಾಗುತ್ತದೆ, ಬೆಂಕಿಗೆ ಸೌದೆಯಾಗುತ್ತದೆ.

ಹೀರುವುದಕ್ಕೆ ದಪ್ಪ ಬೇಕು, ಗೋಡೆಯಿಂದ ಅಂತರವೂ ಬೇಕು. 10 ಸೆಂಟಿಮೀಟರ್ ದಪ್ಪದ ಹತ್ತಿ ಹಾಸಿಗೆಯನ್ನು ಗೋಡೆಗೆ ಒರಗಿಸಿದರೆ ಸುಮಾರು 850 ಹರ್ಟ್ಸ್‌ನಿಂದ ಮೇಲಿನದನ್ನು ಚೆನ್ನಾಗಿ ನುಂಗುತ್ತದೆ. ಅದೇ ಹಾಸಿಗೆಯನ್ನು ಗೋಡೆಯಿಂದ ಇನ್ನು 10 ಸೆಂಟಿಮೀಟರ್ ಮುಂದೆ ನಿಲ್ಲಿಸಿದರೆ 430 ಹರ್ಟ್ಸ್‌ವರೆಗೆ ಇಳಿಯುತ್ತದೆ, ಖರ್ಚು ಸೊನ್ನೆ. ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದರಲ್ಲಿ ಬಹಳ ಜನ ಎಡವುತ್ತಾರೆ. ಮೈಕಿನ ಹಿಂದೆ ಅರ್ಧಚಂದ್ರಾಕಾರದ ಸ್ಪಂಜಿನ ತಡಿಕೆ ಕಟ್ಟುವುದುಂಟು. ಕಾರ್ಡಿಯಾಯ್ಡ್ ಮೈಕಿಗೆ ಹಿಂದಿನದು ಮೊದಲೇ ಕೇಳಿಸದು. ಅದು ನೋಡುತ್ತಿರುವುದು ಹಾಡುವವರ ಬೆನ್ನ ಹಿಂದಿನ ಗೋಡೆಯನ್ನು. ಹಾಸಿಗೆ, ಕಂಬಳಿ ಅಲ್ಲಿರಬೇಕು. ಫಿಗರ್ ಎಂಟಾದರೆ ಮೈಕಿನ ಎರಡೂ ಕಡೆ ಬೇಕು. ಕುರ್ಚಿಯ ಕೆಳಗೆ, ಮುಂದೆ ಎರಡು ಪದರ ಜಮಖಾನ ಹಾಸಿ. ಕುರ್ಚಿ ಕೋಣೆಯ ಮೂಲೆಯಲ್ಲೂ ಬೇಡ, ನಟ್ಟನಡುವೆಯೂ ಬೇಡ, ಉದ್ದದ ಮೂರರಲ್ಲಿ ಒಂದು ಭಾಗದಷ್ಟು ದೂರದಲ್ಲಿರಲಿ.

ಕಂಬಳಿ ಇಳಿಬಿಡಲು ಚೌಕಟ್ಟು ಎಲ್ಲಿಂದ ತರುವುದು? ಶಿಡ್ಲಘಟ್ಟ, ಚಿಂತಾಮಣಿ ಕಡೆಯವರು ಇದಕ್ಕೆ ದುಡ್ಡು ಕೊಡಬೇಕಾಗಿಯೇ ಇಲ್ಲ. ರೇಷ್ಮೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಹಳೆಯ ಚಂದ್ರಿಕೆಗಳು ಅಟ್ಟದ ಮೇಲೆ ಇರುತ್ತವೆ. 6 ಅಡಿ ಎತ್ತರ, 4 ಅಡಿ ಅಗಲ, ಒಬ್ಬರೇ ಎತ್ತುವಷ್ಟು ಹಗುರ. ಎರಡನ್ನು ಉದ್ದದ ಅಂಚಿನಲ್ಲಿ ತೆಂಗಿನ ಹುರಿಯಿಂದ ಮೂರು ಕಡೆ ಸಡಿಲವಾಗಿ ಕಟ್ಟಿ, ತೆರೆದ ಪುಸ್ತಕದ ಹಾಗೆ ನಿಲ್ಲಿಸಿದರೆ ಆಸರೆಯಿಲ್ಲದೆ ನಿಲ್ಲುತ್ತವೆ. ಹೊರಮೈಗೆ ಒಂದು ಪದರ ಕಂಬಳಿ, ಒಳಮೈಗೆ ಇನ್ನೊಂದು. ನಡುವೆ ಚಂದ್ರಿಕೆಯ ಸುರುಳಿಯೇ ಅಂತರ ಕೊಡುತ್ತದೆ. ಹಾಡುವವರ ಬೆನ್ನ ಹಿಂದೆ ಒಂದು ಜೋಡಿ ನಿಲ್ಲಿಸಿ. ಒಂದೇ ಎಚ್ಚರಿಕೆ: ಹುಳು ಸಾಕುವ ಮನೆಯಲ್ಲಿ ರೋಗ ತಡೆಯಲು ಫಾರ್ಮಲಿನ್ ಹೊಡೆದಿರುತ್ತಾರೆ. ಚೆನ್ನಾಗಿ ತೊಳೆದು ಎರಡು ದಿನ ಬಿಸಿಲಿಗೆ ಒಣಗಿಸದೆ ಒಳಗೆ ತಂದರೆ ಕಣ್ಣುರಿ, ಗಂಟಲುರಿ, ಹಾಡು ಅಲ್ಲಿಗೇ ಮುಗಿಯಿತು.

ಆದರೆ ಈ ಕಂಬಳಿಯ ತಡಿಕೆಯನ್ನೇ ಹಾಡುವವರಿಗೂ ಗಿಟಾರ್ ನುಡಿಸುವವರಿಗೂ ನಡುವೆ ಗೋಡೆಯಂತೆ ನಿಲ್ಲಿಸಿ ಶಬ್ದ ನಿಲ್ಲುತ್ತದೆಂದು ಕಾಯಬೇಡಿ. ಹೀರುವುದು ಬೇರೆ, ತಡೆಯುವುದು ಬೇರೆ. ತಡೆಯಲು ತೂಕ ಬೇಕು. ಇಬ್ಬರು ಬೇರೆ ಬೇರೆ ಕೂರುವುದಾದರೆ 18 ಮಿಲಿಮೀಟರ್ ಪ್ಲೈವುಡ್ ಹಲಗೆ, 4 ಅಡಿ ಎತ್ತರ, ಎರಡೂ ಮುಖಕ್ಕೆ ರಜಾಯಿ ಹೊದಿಸಿದ್ದು ಸರಿಯಾದ ಮರೆ. ಕೂತಾಗ ಅದರ ಮೇಲಿಂದ ಒಬ್ಬರ ಕಣ್ಣು ಇನ್ನೊಬ್ಬರಿಗೆ ಕಾಣಬೇಕು, ಇಲ್ಲದಿದ್ದರೆ ತಾಳ ಕೂಡುವುದಿಲ್ಲ. ಅದಿದ್ದರೂ 100, 200 ಹರ್ಟ್ಸ್‌ನ ಗಿಟಾರಿನ ಗುಂಯ್ಗಾರ ಹಲಗೆ ಸುತ್ತಿಕೊಂಡು ಬಂದೇ ಬರುತ್ತದೆ. ಅದಕ್ಕೆ ಫಿಲ್ಟರೇ ಗತಿ. ಇಬ್ಬರಿದ್ದಾಗ ಅಕ್ಕಪಕ್ಕ ಕೂರುವುದು ದೊಡ್ಡ ತಪ್ಪು. ಎದುರು ಬದುರು ಕೂರಲಿ, ನಡುವೆ ಒಂದೂವರೆ ಎರಡು ಮೀಟರ್ ಇರಲಿ. ಆಗ ಒಬ್ಬರ ಮೈಕಿನ ಬೆನ್ನು ನೇರ ಇನ್ನೊಬ್ಬರ ಕಡೆಗಿರುತ್ತದೆ. ಮೈಕಿನಿಂದ ಮೈಕಿಗೆ ಇರುವ ದೂರ, ಮೈಕಿನಿಂದ ಅದರ ವಾದ್ಯಕ್ಕಿರುವ ದೂರದ ಮೂರು ಪಟ್ಟಾದರೂ ಇರಬೇಕೆಂಬ ಹಳೆಯ ಸೂತ್ರ ಅನ್ವಯಿಸುವುದು ಇಲ್ಲಿ. ಒಬ್ಬರೇ ಹಾಡಿ ನುಡಿಸುವಾಗ ಅದನ್ನು ಪಾಲಿಸಲು ಮೈ ಎರಡಾಗಬೇಕಷ್ಟೆ.

ತಮಟೆ, ಡೋಲಕ್ ಸೇರಿದರೆ ಈ ಲೆಕ್ಕವೆಲ್ಲ ಬುಡಮೇಲು. ಅವನ್ನು ಜಗುಲಿಗೋ ಪಕ್ಕದ ಕೋಣೆಗೋ ಕಳಿಸಿ, ಹೆಡ್‌ಫೋನಿನಲ್ಲಿ ಕೇಳಿಸಿ. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯ ಸ್ಪೀಕರನ್ನು ಕೋಣೆಯಲ್ಲಿ ಹಾಡಿಸಲೇಬೇಡಿ, ಅದು ಎಲ್ಲ ಮೈಕಿಗೂ ಸಮನಾಗಿ ಸೋರುತ್ತದೆ. ಲೈನ್ ಔಟ್‌ನಿಂದ ನೇರ ರೆಕಾರ್ಡ್ ಮಾಡಿ. ಎಲೆಕ್ಟ್ರಿಕ್ ಗಿಟಾರಿನ ಆಂಪ್ಲಿಫೈಯರ್ ಕೂಡ ಅದೇ ಜಗುಲಿಗೆ.

ಗಿಟಾರಿನೊಳಗೇ ಪಿಕಪ್ (ತಂತಿಯ ಅದುರನ್ನು ವಿದ್ಯುತ್ತಾಗಿಸುವ ಸಾಧನ) ಇದ್ದರೆ ಅದನ್ನು ಮೂರನೇ ಟ್ರ್ಯಾಕಿಗೆ ಎಳೆದುಕೊಳ್ಳುವುದು ಜಾಣತನ. ಗಿಟಾರಿನ ಬ್ರಿಡ್ಜಿನ ಕೆಳಗಿರುವ ಪೀಜೋ ಎಂಬ ಪಿಕಪ್ ತಂತಿಯ ಅದುರನ್ನು ಹಿಡಿಯುತ್ತದೆಯೇ ಹೊರತು ಗಾಳಿಯನ್ನಲ್ಲ, ಹಾಡು ಅದರಲ್ಲಿ ಬಹುತೇಕ ಬರುವುದಿಲ್ಲ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನಲ್ಲಿ ಇನ್‌ಸ್ಟ್ರುಮೆಂಟ್ ಎಂಬ ಸ್ವಿಚ್ ಒತ್ತಿರಬೇಕು, ಒತ್ತದಿದ್ದರೆ ದನಿ ತೆಳ್ಳಗಾಗುತ್ತದೆ. ಗಿಟಾರಿನೊಳಗಿನ 9 ವೋಲ್ಟ್ ಬ್ಯಾಟರಿ ಹೊಸದಿರಲಿ. ಪೀಜೋ ಒಂದನ್ನೇ ಕೇಳಿದರೆ ಪ್ಲಾಸ್ಟಿಕ್ ಡಬ್ಬಿ ಬಾರಿಸಿದಂತಿರುತ್ತದೆ, ಮೈಕಿನ ಟ್ರ್ಯಾಕಿಗೆ ಬೆಂಬಲವಾಗಿ ಸ್ವಲ್ಪ ಬೆರೆಸಿದರೆ ಮೈಕನ್ನು ತಗ್ಗಿಸಲು ಅವಕಾಶ ಸಿಗುತ್ತದೆ. ಮೈಕ್ 28 ಸೆಂಟಿಮೀಟರ್ ದೂರದಲ್ಲಿದ್ದರೆ ಪೀಜೋ 0.8 ಮಿಲಿಸೆಕೆಂಡ್ ಮುಂದಿರುತ್ತದೆ, ಕಂಪ್ಯೂಟರಿನಲ್ಲಿ ಅಷ್ಟು ಹಿಂದೆ ಸರಿಸಿಕೊಳ್ಳಿ.

ತಾಳಕ್ಕೆಂದು ಕ್ಲಿಕ್ (ಟಿಕ್ ಟಿಕ್ ಸದ್ದು) ಕೇಳುತ್ತಾ ಹಾಡುವವರಿಗೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು. ಒಂದು ಕಿವಿ ತೆಗೆದಿಟ್ಟು ಹಾಡುವ ಅಭ್ಯಾಸವಿದ್ದರೆ ಆ ಬದಿಯ ಕ್ಲಿಕ್ ನಿಲ್ಲಿಸಿ. ಕೊನೆಯ ಕಾರ್ಡ್ ಆರುತ್ತಿರುವಾಗ ಟಿಕ್ ಟಿಕ್ ಕೇಳುವುದೇ ಎಲ್ಲರನ್ನೂ ಹಿಡಿದುಕೊಡುವ ಜಾಗ. ಅದಕ್ಕೆ ಮುಂಚೆಯೇ ಕ್ಲಿಕ್ ನಿಲ್ಲುವಂತೆ ಮಾಡಿಕೊಳ್ಳಿ.

ಹಾಡು ಶುರುಮಾಡುವ ಮೊದಲು ಒಂದು ನಿಮಿಷದ ಪರೀಕ್ಷೆ ಸಾಕು. ಫ್ಯಾನ್ ಆಫ್, ಬೋರ್‌ವೆಲ್ ಮೋಟಾರ್ ಆಫ್. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿಟ್ಟು, ಜೋರು ಜಾಗದಲ್ಲೂ ಮೀಟರ್ ಮೈನಸ್ 10 ದಾಟದಂತೆ ಗೇನ್ ಹೊಂದಿಸಿ. 30 ಸೆಕೆಂಡ್ ಗಿಟಾರ್ ಮಾತ್ರ, ಹಾಡಿನಲ್ಲಿ ನುಡಿಸುವಷ್ಟೇ ಜೋರಾಗಿ. ಹಾಡಿನ ಮೈಕಿನ ಮೀಟರ್ ಎಷ್ಟು ತೋರಿಸುತ್ತದೆಂದು ಬರೆದುಕೊಳ್ಳಿ. ಆಮೇಲೆ 30 ಸೆಕೆಂಡ್ ಹಾಡು ಮಾತ್ರ, ಎರಡೂ ಮೀಟರ್ ನೋಡಿ. ಹಾಡಿನ ಮೈಕಿನಲ್ಲಿ ಗಿಟಾರು ಹಾಡಿಗಿಂತ 15 ಡೆಸಿಬಲ್ ಕೆಳಗಿದ್ದರೆ ಮುಂದುವರಿಯಿರಿ. 10 ಆದರೆ ಹೇಗೋ ಸುಧಾರಿಸಿಕೊಳ್ಳಬಹುದು. 6ಕ್ಕಿಂತ ಕಡಿಮೆಯಿದ್ದರೆ ಸ್ಟ್ಯಾಂಡ್ ಮತ್ತೆ ತಿರುಗಿಸಿ, ಆ ರೆಕಾರ್ಡಿಂಗ್ ಮಾಡಿ ಪ್ರಯೋಜನವಿಲ್ಲ. ಗಿಟಾರಿನ ಮೈಕಿನಲ್ಲಿ ಹಾಡಿನ ಲೆಕ್ಕ ಸಾಮಾನ್ಯವಾಗಿ ಇದಕ್ಕಿಂತ ಕೆಟ್ಟದಾಗಿರುತ್ತದೆ, ಬೆರಳಲ್ಲಿ ಮೆಲ್ಲಗೆ ಮೀಟುವವರು ಎತ್ತಿದ ದನಿಯಲ್ಲಿ ಹಾಡಿದಾಗಂತೂ ಹೇಳುವುದೇ ಬೇಡ.

ಆಮೇಲೆ ಸಾಫ್ಟ್‌ವೇರಿನಲ್ಲಿ ತೆಗೆದರಾಯಿತು ಎನ್ನುವವರಿಗೆ ಎರಡು ಮಾತು. ಹಾಡು ಮತ್ತು ವಾದ್ಯವನ್ನು ಬೇರ್ಪಡಿಸುವ ಸ್ಪ್ಲೀಟರ್, ಡೆಮಕ್ಸ್‌ನಂಥ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ತಕ್ಕಮಟ್ಟಿಗೆ ಕೆಲಸವನ್ನೂ ಮಾಡುತ್ತವೆ. ಸ, ಶ ಬಂದಾಗ ಮತ್ತು ತಂತಿ ಆರುವಾಗ ನೀರಿನೊಳಗೆ ಕೇಳಿದ ಹಾಗೆ ಒಂದು ಗುಳುಗುಳು ಉಳಿಸಿ ಹೋಗುತ್ತವೆ. ನಾಯ್ಸ್ ಗೇಟ್ ಅದಕ್ಕಿಂತ ಕೆಟ್ಟದ್ದು: ದನಿ ಬಂದಾಗ ಬಾಗಿಲು ತೆರೆದು ಗಿಟಾರೂ ಜೊತೆಗೆ ಉಬ್ಬುತ್ತದೆ, ದನಿ ನಿಂತಾಗ ಗಿಟಾರು ಕುಗ್ಗುತ್ತದೆ. ಗೇಟಿನ ಬದಲು ಹಾಡಿಲ್ಲದ ಕಡೆ ಆ ಟ್ರ್ಯಾಕನ್ನು ಕೈಯಿಂದ 3ರಿಂದ 6 ಡೆಸಿಬಲ್ ತಗ್ಗಿಸಿ, ಪೂರ್ತಿ ಮುಚ್ಚಬೇಡಿ. ಜೋರು ದನಿಯನ್ನು ತಗ್ಗಿಸುವ ಕಂಪ್ರೆಸರ್ ಎಂಬ ಸಾಧನ ದನಿಯನ್ನು 6 ಡೆಸಿಬಲ್ ಒತ್ತಿ ಮತ್ತೆ 6 ಎತ್ತಿದರೆ, ದನಿಯಿಲ್ಲದ ಜಾಗದಲ್ಲಿ ಸೋರಿಕೆ 6 ಡೆಸಿಬಲ್ ಮೇಲೆದ್ದು ಬರುತ್ತದೆ. ಶ್ರುತಿ ತಿದ್ದುವ ತಂತ್ರಾಂಶ ಹಾಕುವ ಇರಾದೆಯಿದ್ದರೆ ಒಟ್ಟಿಗೆ ರೆಕಾರ್ಡ್ ಮಾಡಲೇಬೇಡಿ. ತಿದ್ದಿದ ದನಿಯ ಜೊತೆ ಸೋರಿದ ಗಿಟಾರೂ ಏರಿಳಿದು, ಗಿಟಾರಿನ ಮೈಕಿನಲ್ಲಿ ತಿದ್ದದ ಹಾಡು ಹಾಗೇ ಉಳಿದು, ಇಬ್ಬರು ಹಾಡಿದಂತೆ ಕೇಳುತ್ತದೆ. ಸಾಫ್ಟ್‌ವೇರಿನಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವುದು ಪೊಲಾರಿಟಿ ತಿರುಗಿಸುವ, ಅಂದರೆ ಅಲೆಯನ್ನು ತಲೆಕೆಳಗು ಮಾಡುವ, ಒಂದು ಚಿಕ್ಕ ಗುಂಡಿ. ಎರಡೂ ಟ್ರ್ಯಾಕ್ ಮೋನೋದಲ್ಲಿ ಹಾಕಿ, ಗುಂಡಿ ಒತ್ತಿ, ಬಿಟ್ಟು ಕೇಳಿ. ಯಾವುದರಲ್ಲಿ ದನಿ ಮೈದುಂಬಿ ಬರುತ್ತದೋ ಅದನ್ನು ಇಟ್ಟುಕೊಳ್ಳಿ.

ಇಷ್ಟೆಲ್ಲ ಸಾಹಸ ಬೇಡವೆನ್ನುವವರಿಗೆ ಒಂದೇ ಮೈಕ್ ಇಟ್ಟು ಹಾಡುವ ದಾರಿ ತೆರೆದೇ ಇದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗೆ ಹಾಡಿದ್ದು ಮೈಕೇ ಇಲ್ಲದ ಕಾಲದಲ್ಲಿ, ಒಂದು ಕೊಂಬಿನೊಳಕ್ಕೆ. ಯಾರ ದನಿ ಎಷ್ಟು ಕೇಳಬೇಕೆಂಬುದನ್ನು ಆಗ ನಿರ್ಧರಿಸುತ್ತಿದ್ದುದು ಕೊಂಬಿನಿಂದ ಇದ್ದ ದೂರ. ಗಲ್ಲಕ್ಕೂ ಗಿಟಾರಿನ ತೂತಿಗೂ ನಡುವಿನ ಎತ್ತರದಲ್ಲಿ, 50ರಿಂದ 60 ಸೆಂಟಿಮೀಟರ್ ಮುಂದೆ ಒಂದು ಒಳ್ಳೆಯ ಕಾರ್ಡಿಯಾಯ್ಡ್ ನಿಲ್ಲಿಸಿ. ಹಾಡು ಕಡಿಮೆಯಾದರೆ ಮೈಕ್ ನಾಲ್ಕು ಬೆರಳು ಮೇಲೆ, ಗಿಟಾರು ಕಡಿಮೆಯಾದರೆ ನಾಲ್ಕು ಬೆರಳು ಕೆಳಗೆ. ಎರಡನೇ ಮೈಕೇ ಇಲ್ಲದ ಮೇಲೆ ಹಳ್ಳ ಬೀಳುವ ಪ್ರಶ್ನೆಯೂ ಇಲ್ಲ. ಆಮೇಲೆ ಹಾಡನ್ನು ಮಾತ್ರ ಎತ್ತಲು ಬರುವುದಿಲ್ಲ ಎಂಬುದೊಂದೇ ಕೊರತೆ. ಎರಡು ಮೈಕನ್ನು ತಪ್ಪಾಗಿ ಇಟ್ಟದ್ದಕ್ಕಿಂತ ಒಂದು ಮೈಕನ್ನು ಸರಿಯಾಗಿ ಇಟ್ಟದ್ದು ಹತ್ತು ಪಾಲು ಮೇಲು.

ಕಾಲೇಜು, ಗ್ರಂಥಾಲಯಗಳು ಮುಂದಿನ ಸಲ ಸಲಕರಣೆಗೆ ದರಪಟ್ಟಿ ಕರೆಯುವಾಗ ಬರೀ ‘ಕಂಡೆನ್ಸರ್ ಮೈಕ್ 2’ ಎಂದು ಬರೆಯುವ ಬದಲು ಹೀಗೆ ಬರೆಯಲಿ ಎಂಬುದು ನಮ್ಮ ವಿನಂತಿ: ಪ್ಯಾಟರ್ನ್ ಬದಲಿಸುವ ಮೈಕ್ ಒಂದು, ಸೂಪರ್ ಕಾರ್ಡಿಯಾಯ್ಡ್ ಮೈಕ್ ಒಂದು, ಗಟ್ಟಿ ಬೂಮ್ ಸ್ಟ್ಯಾಂಡ್ ಎರಡು, ಕಿವಿ ಮುಚ್ಚುವ ಹೆಡ್‌ಫೋನ್ ಎರಡು, 18 ಮಿಲಿಮೀಟರ್ ಪ್ಲೈವುಡ್ ಹಲಗೆ ಎರಡು, ಕಂಬಳಿ ಎಂಟು. ಚಂದ್ರಿಕೆಯನ್ನು ಪಟ್ಟಿಗೆ ಸೇರಿಸಿದರೆ ಆಡಿಟ್‌ನವರು ಕೇಳಿಯಾರು, ಅದನ್ನು ಯಾರದಾದರೂ ಮನೆಯಿಂದ ಕೇಳಿ ತಂದುಕೊಳ್ಳಬಹುದು.

ಇಂತಿ,
ಧ್ವನಿಮುದ್ರಣ ಕೆಲಸದ ಗೆಳೆಯರು
ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ